ಕಾಲು ಮುಂದಾಗಿ ಹುಟ್ಟಿದವಳು

೨೦ ಜೂನ್ ೨೦೧೬, ಸೋಮವಾರ

ಬೆಳಗಿನ ಟ್ರಿಪ್ ಹೇಗೋ ಮುಗಿಯಿತು. ಸ್ಕೂಲ್ ಗೇಟಿನಲ್ಲಿ ಎಲ್‌ಕೆಜಿ ಮಗುವಿನ ಬ್ಯಾಗ್ ಎತ್ತಲು ಬಗ್ಗಿದೆ, ಅಷ್ಟೇ. ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಅಲ್ಲಿಂದ ಎಡಗಾಲಿನ ಹಿಮ್ಮಡಿಯವರೆಗೆ ಕರೆಂಟ್ ಹೊಡೆಯಿತು. ಬ್ಯಾಗ್ ಕೈಬಿಟ್ಟೆ. ಟಿಫಿನ್ ಡಬ್ಬಿ ಬಾಯಿಬಿಟ್ಟು ರಸ್ತೆಯ ಮೇಲೆಲ್ಲ ಚಿತ್ರಾನ್ನ. ಮಗು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿತು.

"ವ್ಯಾನ್ ಅಂಕಲ್, ನೀವ್ಯಾಕೆ ಅಳ್ತಿದೀರಾ?"

ಅಳುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ನಲವತ್ತನಾಲ್ಕು ವರ್ಷದ ಗಂಡಸು, ನಡುರಸ್ತೆಯಲ್ಲಿ...

ಮಧ್ಯಾಹ್ನದ ಟ್ರಿಪ್ಪಿಗೆ ಮುಕ್ತಾರ್‌ನನ್ನು ಕಳಿಸಿದೆ. ಆಟೋ ಓಡಿಸುವವನು, ಆದರೆ ಸ್ನೇಹಿತ ಎಂದರೆ ಅವನೇ.

೨೨ ಜೂನ್

ನಿಂತರೆ ನೋವು. ಕೂತರೆ ಅದಕ್ಕಿಂತ ನೋವು. ಕೆಮ್ಮಿದರೆ ದೇವರೇ ಗತಿ.

ಸೊಂಟನೋವು ಹೊಸದೇನಲ್ಲ. ಓಮ್ನಿ ಓಡಿಸುವ ಯಾರ ಸೊಂಟ ನೆಟ್ಟಗಿದೆ? ಸೀಟಿನ ಕೆಳಗೇ ಇಂಜಿನ್, ಬೆನ್ನ ಹಿಂದೆ ಮಕ್ಕಳ ಕಿರುಚಾಟ, ಹೆಜ್ಜೆಗೊಂದು ಹಂಪು. ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡೇ ಬದುಕಿದ್ದೇನೆ. ಇದು ಆ ನೋವಲ್ಲ. ಇದು ಕಾಲಿಗಿಳಿದಿದೆ. ಕ್ಲಚ್ ಒತ್ತಿದಾಗಲೆಲ್ಲ ಕಣ್ಣು ಕತ್ತಲೆ ಬರುತ್ತದೆ. ಹೆದರಿಕೆಯಾಗುತ್ತಿದೆ.

ಅಮ್ಮನಿಗೆ ಇದೊಂದು ಕಾಯಿಲೆಯೇ ಅಲ್ಲ. "ಮನೇಲೇ ಔಸ್ದಿ ಮಡಿಕ್ಕಂಡು ಊರೆಲ್ಲ ಉಡುಕ್ತಾವ್ನೆ. ಸಿಲ್ಪಂಗೆ ಏಳು. ಎಡಗಾಲಾಗೆ ಮೂರು ಒದ್ರೆ ಓಯ್ತದೆ."

ಶಿಲ್ಪ ನನ್ನ ಮಗಳು. ಒಬ್ಬಳೇ. ಈ ವರ್ಷ ಎಸ್‌ಎಸ್‌ಎಲ್‌ಸಿ. ನಮ್ಮ ಕಡೆ ಒಂದು ನಂಬಿಕೆ — ಕಾಲು ಮುಂದಾಗಿ ಹುಟ್ಟಿದವರು ಖಾಲಿ ಹೊಟ್ಟೆಯಲ್ಲಿ ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ. ಇವಳು ಆಟೋ ಬರುವುದರೊಳಗೆ ಮನೆಯಲ್ಲೇ ಹುಟ್ಟಿದವಳು. ಕಾಲೇ ಮೊದಲು ಬಂತು. ಹಿಡಿದುಕೊಂಡವಳು ನಮ್ಮಮ್ಮ, ಮುನಿಗಂಗಮ್ಮ. ಆವತ್ತಿನಿಂದ ಅಮ್ಮನಿಗೆ ಅದು ಬರೀ ಕಾಲಲ್ಲ, ದೇವರು ಕೊಟ್ಟ ವರ. ಮಗು ನೆಟ್ಟಗೆ ನಿಲ್ಲಲು ಕಲಿತಾಗಲೇ ಶುರುಮಾಡಿದಳು. ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ನಿಂತಿರುತ್ತಾರೆ. ಮುಕ್ತಾರ್ ಕೂಡ ಒದೆಸಿಕೊಂಡಿದ್ದಾನೆ. ಮೂರನೇ ಒದೆಗೆ ಕಡ್ಡಿಯ ಹಾಗೆ ನೆಟ್ಟಗಾದೆ ಎಂದು ಇಂದಿಗೂ ಆಣೆ ಮಾಡುತ್ತಾನೆ.

ನನಗೆ ಬೇರೆ ವೈದ್ಯವಿತ್ತು. ಚಿಕ್ಕಂದಿನಿಂದ ಸಂಜೆ ಹೊತ್ತು ಶಿಲ್ಪ ನನ್ನ ಕಾಲು ತುಳಿಯುತ್ತಾಳೆ. ನಾನು ಬೋರಲು ಮಲಗಬೇಕು, ಅವಳು ಗೋಡೆ ಹಿಡಿದುಕೊಂಡು ಮೀನಖಂಡದ ಮೇಲೆ ಹೆಜ್ಜೆ ಹಾಕಬೇಕು. ಶಾಲೆಯ ಸುದ್ದಿಯೆಲ್ಲ ಆಗಲೇ ಹೇಳುವುದು. ಈಗ ಎಡಗಾಲು ಮುಟ್ಟಿದರೆ ಜೀವ ಹೋಗುತ್ತದೆ. ಅದೂ ನಿಂತಿತು.

೨೭ ಜೂನ್

ದೊಡ್ಡ ಆಸ್ಪತ್ರೆಗೆ ಹೋಗಿಬಂದೆ. ಎಂಆರ್‌ಐ. ಮಿಷನ್ನಿನೊಳಗೆ ಮಲಗಿಸಿದರು, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವಾಗ ಬರುತ್ತಿದ್ದ ಸದ್ದೇ.

ನನ್ನ ಬೆನ್ನುಮೂಳೆಯನ್ನು ನನಗೇ ತೋರಿಸಿದರು. ನೋಡಿ ದಂಗಾದೆ. ಮೂಳೆಗಳ ನಡುವೆ ಮೆತ್ತೆ ಇರುತ್ತದಂತೆ, ಡಿಸ್ಕ್. ಕೆಳಗಿನದೊಂದು ಹೊರಗೆ ಚಾಚಿ ಕಾಲಿನ ನರವನ್ನು ಒತ್ತುತ್ತಿದೆ. ಹೆಸರು ಸಯಾಟಿಕಾ. ಬಹಳ ಜನಕ್ಕೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಭಾರ ಎತ್ತಬೇಡಿ, ಬಗ್ಗಬೇಡಿ, ಒಂದೇ ಸಮ ಕೂರಬೇಡಿ, ಹಾಗಂತ ಮಲಗಿಕೊಂಡೇ ಇರಬೇಡಿ. ಮತ್ತೇನು ನೇತಾಡಬೇಕಾ ಎಂದು ಕೇಳೋಣ ಎನಿಸಿತು.

ಎದ್ದು ಬರುವಾಗ, "ಬ್ಲಾಡರ್ ಪ್ರಾಬ್ಲಮ್ ಏನೂ ಇಲ್ವಲ್ಲ? ಆದ್ರೆ ಅದೇ ದಿನ ಬರ್ಬೇಕು, ಕಾಯ್ಬಾರ್ದು" ಎಂದರು. ಇಲ್ಲ ಸರ್ ಎಂದೆ. ನನಗೆ ಗೊತ್ತಿರುವ ಬ್ಲಾಡರ್ ಫುಟ್‌ಬಾಲಿನ ಒಳಗಿನದು ಒಂದೇ. ಹಾಗಂದರೇನು ಎಂದು ಕೇಳಿದರೆ ಹಳ್ಳಿ ಗುಗ್ಗು ಅಂದುಕೊಂಡಾರು. ತಲೆಯಾಡಿಸಿ ಬಂದೆ.

೫ ಜುಲೈ

ಮಾತ್ರೆ. ಬಿಸಿನೀರಿನ ಬ್ಯಾಗು. ಮಂಡಿ ಕೆಳಗೆ ದಿಂಬು. ಧನಲಕ್ಷ್ಮಿಗೆ ಪಾಪ, ನನ್ನ ಕಾಲಿಗೆ ಸಾಕ್ಸ್ ಹಾಕುವುದೂ ಒಂದು ಕೆಲಸ. ಗಂಡನೆಂದರೆ ಎಲ್‌ಕೆಜಿ ಮಗು ಎಂದು ನಗುತ್ತಾಳೆ. ನಗು ಬರುವುದಿಲ್ಲ ನನಗೆ.

ಬೆಳಗಿನ ಟ್ರಿಪ್ ಮಾತ್ರ ನಾನು. ಉಳಿದದ್ದು ಮುಕ್ತಾರ್. ಅರ್ಧ ಗಂಟೆ ಕೂತು ಇಳಿದರೆ ಎಡಕ್ಕೆ ವಾಲಿಕೊಂಡು ನಡೆಯುತ್ತೇನಂತೆ. ಮಕ್ಕಳು ಹಿಂದೆಯೇ ವಾಲಿಕೊಂಡು ಅಣಕಿಸುತ್ತವೆ.

೧೦ ಜುಲೈ, ಭಾನುವಾರ

ಇವತ್ತು ಅಮ್ಮ ಬಿಡಲಿಲ್ಲ. ನನಗೂ ಸಾಕಾಗಿತ್ತು. ಒದೆಸಿಕೊಂಡು ನೋಡಿಯೇ ಬಿಡೋಣ ಎಂದೆ.

ಶಿಲ್ಪ ಖಡಾಖಂಡಿತ ಆಗಲ್ಲ ಎಂದಳು. "ನನ್ನನ್ನ ಕ್ಲಾಸಲ್ಲಿ ಕತ್ತೆ ಅಂತಾರೆ ಅಪ್ಪಾ. ಒದಿಯೋ ಕತ್ತೆ. ಅಜ್ಜಿಗೆ ಹೇಳು, ನಾನಿನ್ನು ಯಾರನ್ನೂ ಒದಿಯಲ್ಲ."

"ಊರೋರ್ನೆಲ್ಲ ಒದ್ದೆ. ಅಪ್ಪಂಗೆ ಬಂದಾಗ ಆಗಲ್ವಾ?" ಎಂದೆ.

"ನಿಂಗೆ ಎಮ್ಮಾರೈ ಆಗಿದೆ. ಅದ್ರಲ್ಲಿ ಡಿಸ್ಕ್ ಅಂತ ಬರೆದಿದೆ. ಅದು ಉಳುಕಲ್ಲ."

ನನ್ನ ಮಗಳೇ, ನನಗೇ ಬುದ್ಧಿ ಹೇಳುತ್ತಾಳೆ. ಎರಡು ದಿನ ಮಾತಾಡಿಸಬಾರದು ಎಂದುಕೊಂಡೆ. ಸಂಜೆ ಕಾಫಿ ತಂದಳು, ಮಾತಾಡಿಸಿಬಿಟ್ಟೆ.

೧೫ ಜುಲೈ

ವಿಚಿತ್ರ. ಕಾಲಿನ ನೋವು ಸ್ವಲ್ಪ ಇಳಿದಿದೆ, ಆದರೆ ಸೀಟಿನ ಮೇಲೆ ಕೂತಿದ್ದೇನೋ ಇಲ್ಲವೋ ಗೊತ್ತಾಗುತ್ತಿಲ್ಲ. ಕುಂಡಿಯ ಕೆಳಗೆ ಹಲಗೆ ಇಟ್ಟುಕೊಂಡ ಹಾಗಿದೆ. ಇಂಜಿನ್ ಬಿಸಿಗೆ ಬೆಂದುಹೋಗಿರಬೇಕು. ಓಮ್ನಿಯ ಶಾಪ.

೧೬ ಜುಲೈ, ಶನಿವಾರ

ಮೂತ್ರ ಸರಿಯಾಗಿ ಬರುತ್ತಿಲ್ಲ. ನಿಂತೇ ನಿಂತೆ, ನಾಲ್ಕು ಹನಿ. ಅವಸರವೂ ಇಲ್ಲ. ಉಷ್ಣ ಆಗಿದೆ. ಬಿಸಿ ಸೀಟು, ಮೇಲಿಂದ ಈ ಮಾತ್ರೆಗಳು, ಉಷ್ಣ ಆಗದೆ ಇನ್ನೇನು?

ಧನಲಕ್ಷ್ಮಿ ಬಾರ್ಲಿ ನೀರು ಕಾಯಿಸಿ ಕೊಟ್ಟಳು. ಅಮ್ಮ ನೆತ್ತಿಗೆ ಹರಳೆಣ್ಣೆ ಒತ್ತಿದಳು. ಶಿಲ್ಪನನ್ನು ಎಳನೀರಿಗೆ ಕಳಿಸಿದೆ. ರೈಲ್ವೆ ಗೇಟಿನ ಹತ್ತಿರ ಎಳನೀರಿನ ಗಾಡಿ ಇಟ್ಟುಕೊಂಡಿರುವ ವೆಂಕಟಲಕ್ಷ್ಮಮ್ಮನ ಜೊತೆ ಹರಟುತ್ತಾ ನಿಂತಳಂತೆ, ತಡವಾಗಿ ಬಂದಳು. ಮುಖ ಊದಿಸಿಕೊಂಡಿದ್ದಳು. ಕಾರಣ ಗೊತ್ತು. ನಾಳೆ ಬೆಳಿಗ್ಗೆ ಒದೆಯಬೇಕು, ಮಾತಿಲ್ಲ, ಎಂದು ಮಧ್ಯಾಹ್ನವೇ ಗದರಿದ್ದೆ. ಇನ್ನು ತಡೆಯಲಾರೆ. ಸೋಮವಾರದಿಂದ ಎರಡೂ ಟ್ರಿಪ್ ನಾನೇ ಹೋಗಬೇಕು.

೨೯ ಜುಲೈ

ಇವತ್ತು ಪೆನ್ನು ಹಿಡಿಯುವಂತಾಯಿತು. ನಿನ್ನೆ ಮನೆಗೆ ಬಂದೆ.

ಆ ಭಾನುವಾರ. ಪಡಸಾಲೆಯ ಗೋಡೆಗೆ ಎರಡೂ ಕೈ ಊರಿ ಬಗ್ಗಿ ನಿಂತೆ. ಅಮ್ಮ ಶಿಲ್ಪನ ಎಡಗಾಲಿಗೆ ಅರಿಶಿನ ನೀರು ಹಾಕಿದಳು. ಮುಕ್ತಾರ್ ಬಾಗಿಲಲ್ಲಿ ನಿಂತಿದ್ದ. ಮೊದಲನೆಯದು ಬರೀ ತಾಗಿಸಿದಳು.

"ಒದಿ ಅಂದ್ರೆ ಒದೀಬೇಕು. ಏನು, ಹೂವು ಇಡ್ತಿದೀಯಾ?" ಎಂದು ರೇಗಿದ್ದು ನಾನೇ.

ಎರಡನೆಯದು ಜೋರು. ಮೂರನೆಯದು ಸಿಟ್ಟಿನಲ್ಲಿ ಬಂತು, ಇನ್ನೂ ಜೋರು.

ನೋವಾಗಲಿಲ್ಲ. ಅದೇ ದಿಗಿಲು. ನೋವೇ ಆಗಲಿಲ್ಲ. ತಿರುಗಿ 'ಆಯ್ತು ಬಿಡು' ಎನ್ನಬೇಕೆಂದು ಎಡಗಾಲು ಎತ್ತಿದೆ, ಕಾಲು ಬರಲಿಲ್ಲ. ಕುಸಿದು ಕೂತೆ. "ಬಾಲಣ್ಣ, ಪಂಚೆ..." ಎಂದ ಮುಕ್ತಾರ್. ನೋಡಿಕೊಂಡೆ. ಪೂರ್ತಿ ಒದ್ದೆ. ನನಗೆ ಗೊತ್ತೇ ಆಗಿರಲಿಲ್ಲ.

ನನ್ನದೇ ವ್ಯಾನಿನಲ್ಲಿ, ಮಕ್ಕಳ ಸೀಟಿನ ಮೇಲೆ ಅಡ್ಡ ಮಲಗಿಸಿ ಆಸ್ಪತ್ರೆಗೆ ಕೊಂಡೊಯ್ದರು.

೩೦ ಜುಲೈ

ನಿನ್ನೆ ಅರ್ಧಕ್ಕೆ ನಿಲ್ಲಿಸಿದೆ. ಅದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದರು, ಯಾವಾಗಿಂದ ಹೀಗೆ? ನನಗೆ ಮಾತು ಹೊರಡಲಿಲ್ಲ. ಧನಲಕ್ಷ್ಮಿ ಹೇಳಿದಳು: "ಈಗ್ಲೇ ಡಾಕ್ಟ್ರೇ, ಬೆಳಿಗ್ಗೆ. ಸೊಂಟಕ್ಕೆ ಒದೆಸ್ಕೊಂಡ್ರು, ಆಗಿಂದ."

"ಒದೆಸ್ಕೊಂಡ್ರು ಅಂದ್ರೆ? ಯಾರು ಒದ್ದದ್ದು?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಶಿಲ್ಪ ಕೈ ಎತ್ತಿದಳು. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಎತ್ತುತ್ತಾರಲ್ಲ, ಹಾಗೆ. ಡಾಕ್ಟರಿಗೆ ಸಿಟ್ಟು ಬಂದಿತ್ತು. ಆ ಕೈ ನೋಡಿದ ಮೇಲೆ ನನ್ನ ಕಡೆಗೇ ತಿರುಗಿಕೊಂಡರು.

ಸ್ಟ್ರೆಚರ್ ತಳ್ಳಿದರು. ಸಂಜೆಯೊಳಗೆ ಆಪರೇಷನ್. ತಡವಾಗಿದ್ದರೆ ಜೀವನಪೂರ್ತಿ ಮೂತ್ರಕ್ಕೆ ಟ್ಯೂಬು ಎಂದರಂತೆ. ಆ ಎತ್ತಿದ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

೬ ಆಗಸ್ಟ್

ಟ್ಯೂಬು ತೆಗೆದರು. ಮೂತ್ರ ಬಂತು. ಅದಕ್ಕೆ ಇಷ್ಟು ಖುಷಿಪಡುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಸೊಂಟದಿಂದ ಇಳಿಯುತ್ತಿದ್ದ ಆ ಕರೆಂಟ್ ಪೂರ್ತಿ ಹೋಗಿದೆ. ಎಡಪಾದ ಮಾತ್ರ ಏಳುತ್ತಿಲ್ಲ. ನೆಲಕ್ಕೆ ಪಟ್ ಎಂದು ಬೀಳುತ್ತದೆ. ಮಂಡಿಯಿಂದ ಕೆಳಗೆ ಮರಗಟ್ಟಿದೆ. ಅದು ಕ್ಲಚ್ಚಿನ ಕಾಲು. ನರ ಚಿಗುರುವುದು ಬಹಳ ನಿಧಾನವಂತೆ, ಕಾಯಬೇಕಂತೆ. ವಾಕರ್ ಹಿಡಿದು ಪಡಸಾಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಪಡಸಾಲೆಗೆ.

ಶಿಲ್ಪ ನನ್ನ ಹತ್ತಿರ ಬರುವುದಿಲ್ಲ. ಮನೆಯೊಳಗೂ ಸಾಕ್ಸ್ ಹಾಕಿಕೊಂಡೇ ಇರುತ್ತಾಳೆ. ಮಲಗುವಾಗಲೂ. ಖೋಖೋ ಟೀಮ್ ಬಿಟ್ಟಳಂತೆ. ಧನಲಕ್ಷ್ಮಿ ಕೇಳಿದ್ದಕ್ಕೆ, "ಯಾರಿಗಾದ್ರೂ ತಾಗಿದ್ರೆ?" ಎಂದಳಂತೆ.

೨೧ ಆಗಸ್ಟ್, ಭಾನುವಾರ

ಬೆಳಿಗ್ಗೆ ಗೇಟಿನಲ್ಲಿ ಸದ್ದು. ವಾಕರ್ ತಳ್ಳಿಕೊಂಡು ಹೋದೆ. ತಣಿಸಂದ್ರದಿಂದ ಬಂದ ಯಾರೋ ಗಂಡ ಹೆಂಡತಿ, ಗಂಡ ಸೊಂಟ ಹಿಡಿದುಕೊಂಡಿದ್ದ. ಅಮ್ಮ ಅವರಿಗೆ ಹೇಳುತ್ತಿದ್ದಾಳೆ: "ನಮ್ ಸಿಲ್ಪನ ಕಾಲು ಅಂದ್ರೆ ಅಂತಿಂಥದ್ದಲ್ಲ ಕಣಪ್ಪ. ನಮ್ಮುಡುಗುಂಗೆ ಒಳಗಿದ್ದ ಕೆಟ್ಟದ್ನೆಲ್ಲ ಒಂದೇ ಸಲ ವೊರಗೆ ಆಕುಸ್ತು. ಇಲ್ದಿದ್ರೆ ಡಾಕ್ಟ್ರಿಗೆ ಗೊತ್ತಾಯ್ತಿತ್ತಾ?"

ಕಿವಿ ನಂಬಲಾಗಲಿಲ್ಲ. ವಾಕರ್ ಎತ್ತಿ ಗೇಟಿಗೆ ಬಡಿದೆ. ಅವರು ಓಡಿದರು. ನಾನು ಬಿದ್ದೆ.

ಎತ್ತಲು ಓಡಿಬಂದವಳು ಶಿಲ್ಪ. ಅರ್ಧ ಹಾದಿಯಲ್ಲಿ ನಿಂತುಬಿಟ್ಟಳು. ತನ್ನ ಕಾಲು ನೋಡಿಕೊಂಡು ಹಿಂದೆ ಸರಿದು, "ಅಮ್ಮಾ" ಎಂದು ಕೂಗಿದಳು.

ಅಮ್ಮ ಇವತ್ತು ಊಟ ಮಾಡಲಿಲ್ಲ. ನಾನು ವಾಕರ್ ಬಡಿದದ್ದಕ್ಕೋ, ಬೇರೆ ಯಾವುದಕ್ಕೋ. ನಾನೂ ಕೇಳಲಿಲ್ಲ.

೨ ಸೆಪ್ಟೆಂಬರ್

ಮನೆಗೇ ಬರುವ ಫಿಸಿಯೋ. ಹೆಸರು ನಯನಾ. ಎಲ್ಲದಕ್ಕೂ ಸರ್ ಸರ್ ಎನ್ನುತ್ತಾಳೆ, ಆದರೆ ಬಿಡುವ ಗಿರಾಕಿಯಲ್ಲ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತಬೇಕು, ಹಾಗೇ ಇರಬೇಕು. ಸುಮ್ಮನೆ ಇರುವುದಕ್ಕೆ ಬೇಜಾರು. ಡೈರಿ ಮುಂದಿಟ್ಟುಕೊಂಡು ಬರೆಯುವುದು ಕಲಿತಿದ್ದೇನೆ. ಇದೂ ಹಾಗೇ ಬರೆಯುತ್ತಿರುವುದು.

ಇನ್ನೊಂದು ಹೇಳಿಕೊಟ್ಟಳು. ನಾನು ಕಣ್ಣು ಮುಚ್ಚಬೇಕು. ಮನೆಯವರು ಯಾರಾದರೂ ಹತ್ತಿಯಿಂದ ಎಡಗಾಲಿನ ಬೆರಳು ಮುಟ್ಟಬೇಕು. ಯಾವ ಬೆರಳೆಂದು ನಾನು ಹೇಳಬೇಕು. ದಿನಾ ಮಾಡಿದರೆ ಮೆದುಳಿಗೆ ಅಭ್ಯಾಸವಾಗುತ್ತದಂತೆ.

"ನಾನ್ ಮಾಡ್ತೀನಿ" ಎಂದಳು ಶಿಲ್ಪ, ಬಾಗಿಲ ಹಿಂದಿನಿಂದ. ಎಷ್ಟೋ ದಿನದ ಮೇಲೆ ಅವಳ ದನಿ.

೩ ಸೆಪ್ಟೆಂಬರ್

ಕಣ್ಣು ಮುಚ್ಚಿದೆ. ಏನೂ ಇಲ್ಲ. ಕಾಲೇ ಇಲ್ಲದ ಹಾಗೆ. "ಯಾವ ಬೆರಳು ಅಪ್ಪಾ?" ಎಂದು ಕೇಳಿದಳು. ಆ ದನಿ ಕೇಳಿ ಇಲ್ಲ ಎನ್ನಲಾಗಲಿಲ್ಲ. ಅವಳು ಹೆಬ್ಬೆರಳಿನಿಂದಲೇ ಶುರು ಮಾಡುತ್ತಾಳೆಂದು ಅಂದಾಜು. "ಹೆಬ್ಬೆರಳು."

ಸರಿಯಾಗಿತ್ತು. ಕಣ್ಣು ಬಿಟ್ಟೆ. ಮಗು ನಗುತ್ತಿತ್ತು.

೧೨ ಸೆಪ್ಟೆಂಬರ್

ಕಾವೇರಿ ಗಲಾಟೆ. ಶಾಲೆಗೆ ರಜ. ರಸ್ತೆಯಲ್ಲಿ ಟೈರು ಸುಟ್ಟ ವಾಸನೆ. ಮುಕ್ತಾರ್ ವ್ಯಾನನ್ನು ನಮ್ಮ ಕಾಂಪೌಂಡಿನೊಳಗೆ ತಂದು ನಿಲ್ಲಿಸಿದ.

ರಜ ಇದ್ದದ್ದಕ್ಕೆ ಬೆರಳಿನಾಟ ಇವತ್ತೊಂದೇ ದಿನ ಮೂರು ಸಲ ಆಯಿತು. ನನಗೀಗ ಉಪಾಯ ಗೊತ್ತು. ಹೆಬ್ಬೆರಳಿಗೆ ಹತ್ತಿರ ಕೂರುತ್ತಾಳೆ, ಕಿರುಬೆರಳಿಗೆ ಬಾಗುವಾಗ ಬಳೆ ಸದ್ದಾಗುತ್ತದೆ. ನಡುವಿನದಕ್ಕೆ ಅಂದಾಜು. ಒಂದೆರಡು ಬೇಕೆಂದೇ ತಪ್ಪು ಹೇಳುತ್ತೇನೆ, ನಂಬಿಕೆ ಬರಲಿ ಎಂದು. ಇವತ್ತು ಎರಡು ರೊಟ್ಟಿ ತಿಂದಳು. ಸಾಕ್ಸ್ ಮಾತ್ರ ಬಿಚ್ಚಿಲ್ಲ.

ಧನಲಕ್ಷ್ಮಿಗೆ ಅನುಮಾನ. "ನಿಜವಾಗ್ಲೂ ಗೊತ್ತಾಗ್ತಿದ್ಯೇನ್ರೀ?"

"ಸುಮ್ನಿರೇ" ಎಂದೆ.

೨೪ ಸೆಪ್ಟೆಂಬರ್

ಸಿಕ್ಕಿಬಿದ್ದೆ.

ಕಣ್ಣು ಮುಚ್ಚಿದ್ದೆ. ಬಳೆ ಸದ್ದಾಯಿತು. "ಯಾವ ಬೆರಳು?"

"ಕಿರುಬೆರಳು."

"ಈಗ?"

"ಅದರ ಪಕ್ಕದ್ದು."

"ಈಗ?"

"ಹೆಬ್ಬೆರಳು. ನೋಡು, ಎಲ್ಲಾ ಗೊತ್ತಾಗ್ತಿದೆ."

ಸದ್ದಿಲ್ಲ. ಕಣ್ಣು ಬಿಟ್ಟೆ. ಶಿಲ್ಪ ಆ ಮೂಲೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದಾಳೆ. ಹತ್ತಿ ನೆಲದ ಮೇಲಿತ್ತು.

"ಮುಟ್ಟೇ ಇಲ್ಲ ಅಪ್ಪಾ ನಾನು."

ತಮಾಷೆ ಮಾಡಿದೆ ಎನ್ನಲು ಹೊರಟೆ. ಅಷ್ಟರಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸುಳ್ಳು ಹೇಳಿ ಮಗುವಿನ ಮನಸ್ಸು ಎತ್ತೋಣ ಅಂದುಕೊಂಡಿದ್ದೆ. ಇದ್ದ ಮೆಟ್ಟಿಲಿನಿಂದಲೂ ಕೆಳಗೆ ತಳ್ಳಿದೆ.

೧೦ ಅಕ್ಟೋಬರ್, ಆಯುಧ ಪೂಜೆ

ವಾಕರ್ ಹೋಗಿ ಕೋಲು ಬಂದಿದೆ. ಪಾದ ಬೀಳದಂತೆ ಶೂ ಒಳಗೆ ಪ್ಲಾಸ್ಟಿಕ್ ಪಟ್ಟಿ. ಬೀದಿಯ ತುದಿಯವರೆಗೆ ನಡೆದೆ. ಸೊಂಟ ಈಗ ಗಟ್ಟಿ, ಸುಳ್ಳಲ್ಲ.

ವ್ಯಾನಿಗೆ ಬಾಳೆಕಂದು, ಸೇವಂತಿಗೆ, ಕುಂಬಳಕಾಯಿ. ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ಪ್ರತಿ ವರ್ಷ ನಾನೇ ಓಡಿಸುತ್ತಿದ್ದೆ, ಪಕ್ಕದ ಸೀಟಿನಲ್ಲಿ ಶಿಲ್ಪ. ಈ ಸಲ ಮುಕ್ತಾರ್ ಓಡಿಸ್ತೀನಿ ಎಂದ. "ಟೆನ್ಶನ್ ತಗೋಬೇಡ ಗುರು, ಮುಂದಿನ್ ವರ್ಷ ನೀನೇ" ಎಂದ. ಹೂಂ ಎಂದೆ.

ಶಿಲ್ಪ ಹೊರಗೇ ಬರಲಿಲ್ಲ. ಮುಕ್ತಾರ್ ಕಿಟಕಿಯ ಹತ್ತಿರ ಹೋಗಿ, "ಬೇಟಾ, ನನ್ ಸೊಂಟ ನಿಂತಿರೋದು ನಿನ್ ಕಾಲಿಂದಾನೇ, ಅದನ್ನ ಮರೀಬೇಡ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಳಗಿಂದ ಕಿಟಕಿ ಮುಚ್ಚಿತು.

೧೮ ಅಕ್ಟೋಬರ್, ಬೆಳಿಗ್ಗೆ ಹನ್ನೊಂದು

ನಯನಾ ಈಗತಾನೆ ಹೋದಳು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೂತ್ರಕ್ಕೆ ಈಗ ತೊಂದರೆ ಇಲ್ಲವಾ ಎಂದು ಕೇಳಿದಳು. ಇಲ್ಲ, ಆವಾಗ ಉಷ್ಣ ಆಗಿದ್ದಾಗ ಇದ್ದ ಹಾಗೆ ಈಗಿಲ್ಲ ಎಂದೆ.

"ಯಾವಾಗ ಸರ್ ಉಷ್ಣ?"

"ಅದೇ, ಆಪರೇಷನ್‌ಗೆ ಮುಂಚೆ. ನಾಲ್ಕೇ ಹನಿ ಬರ್ತಿತ್ತು. ಸೀಟ್ ಮೇಲೆ ಕೂತ್ರೆ ಕೂತಂಗೇ ಅನ್ನಿಸ್ತಿರ್ಲಿಲ್ಲ. ಇಂಜಿನ್ ಬಿಸಿ. ಬಾರ್ಲಿ ಕುಡಿದೆ."

ಅವಳು ನನ್ನ ಕಾಲನ್ನು ಮೆತ್ತಗೆ ಕೆಳಗಿಟ್ಟಳು. "ಯಾವ ದಿನ ಸರ್? ಒದ್ದ ಮೇಲಾ, ಮುಂಚೇನಾ?"

"ಮುಂಚೆ. ಶುಕ್ರವಾರ, ಶನಿವಾರ. ಒದ್ದದ್ದು ಭಾನುವಾರ."

"ಸರ್, ಅದು ಉಷ್ಣ ಅಲ್ಲ. ಕೂತ್ ಜಾಗ ಮರಗಟ್ಟೋದು, ಮೂತ್ರ ಕಟ್ಟೋದು — ಡಿಸ್ಕ್ ನರಗಳ ಗೊಂಚಲನ್ನೇ ಒತ್ತಿಬಿಟ್ಟಿದೆ ಅಂತ ಅರ್ಥ. ಆವತ್ತೇ ಆಸ್ಪತ್ರೆಗೆ ಓಡ್ಬೇಕಿತ್ತು. ಬ್ಲಾಡರ್ ತೊಂದ್ರೆ ಆದ್ರೆ ಬನ್ನಿ ಅಂತ ಡಾಕ್ಟರ್ ಹೇಳಿರ್ಲಿಲ್ವಾ?"

"ಬ್ಲಾಡರ್ ಅಂದ್ರೇನಮ್ಮಾ?"

"ಮೂತ್ರಕೋಶ ಸರ್."

ತಲೆಯ ಮೇಲೆ ಯಾರೋ ಹೊಡೆದ ಹಾಗಾಯಿತು. ಫುಟ್‌ಬಾಲು. ಫುಟ್‌ಬಾಲು ಅಂದುಕೊಂಡಿದ್ದೆ ನಾನು.

"ಹಾಗಾದ್ರೆ ನನ್ನ ಮಗಳ ಒದೆ?"

"ಒದ್ದದ್ದು ಒಳ್ಳೇದಂತೂ ಅಲ್ಲ. ಸ್ವಲ್ಪ ಜಾಸ್ತಿ ಮಾಡಿರ್ಬಹುದು, ಮಾಡದೇನೂ ಇರ್ಬಹುದು. ಅದನ್ನ ಯಾರೂ ಹೇಳಕ್ಕಾಗಲ್ಲ. ಆದ್ರೆ ಶುರುವಾಗಿದ್ದು ಅವಳಿಂದ ಅಲ್ಲ ಸರ್. ಅವಳು ಒದೆಯೋ ಮುಂಚೇನೇ ನೀವು ಆಪರೇಷನ್ ಕೇಸು."

ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆಯಲಿಲ್ಲ. ಬಾರ್ಲಿ ಕಾಯಿಸಿದವಳಿಗೂ, ಹರಳೆಣ್ಣೆ ಒತ್ತಿದವಳಿಗೂ, ಕುಡಿದವನಿಗೂ. ಉಷ್ಣ ಎಂದೆವು, ಅದು ಬೇರೆ ಕಾಯಿಲೆ ಎಂದು ಪಕ್ಕಕ್ಕಿಟ್ಟೆವು. ಧನಲಕ್ಷ್ಮಿಗೆ ಹೇಳಿದೆ. ಅಡುಗೆಮನೆಯಲ್ಲಿ ನಿಂತಲ್ಲೇ ಕೂತಳು. "ಶನಿವಾರಾನೇ ಕಾಯಿಸ್ಕೊಟ್ಟೆನಲ್ರೀ ನಾನು. ಡಾಕ್ಟ್ರು ಕೇಳ್ದಾಗ ಬೆಳಿಗ್ಗೆಯಿಂದ ಅಂದ್ಬಿಟ್ಟೆನಲ್ಲಾ, ಮಗು ಎದುರಿಗೇ."

ಶಿಲ್ಪ ಶಾಲೆಯಿಂದ ಬರಲಿ. ಬರುವುದನ್ನೇ ಕಾಯುತ್ತಿದ್ದೇನೆ.

ಅದೇ ದಿನ, ಸಂಜೆ

ನಂಬಲಿಲ್ಲ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬೆರಳಿನ ವಿಷಯಾನೂ ಹಿಂಗೇ ಹೇಳಿದ್ದೆ ಅಪ್ಪಾ. ಎಲ್ಲಾ ಗೊತ್ತಾಗ್ತಿದೆ ಅಂತ" ಎಂದಳು.

ನಿಮ್ಮಮ್ಮನನ್ನು ಕೇಳು ಎಂದೆ. "ಅಮ್ಮ ನಿನ್ ಕಡೆ." ಫಿಸಿಯೋನ ಕೇಳು ಎಂದೆ. "ನೀನು ಹೇಳಿಕೊಟ್ಟಿರ್ತೀಯ." ಆಸ್ಪತ್ರೆಯಲ್ಲಿ ನನ್ನ ಬಾಯಿ ಯಾಕೆ ಕಟ್ಟಿತ್ತೋ. ಈಗ ನಿಜ ಹೇಳಿದರೂ ಕೊಳ್ಳುವವರಿಲ್ಲ. ಡೈರಿ ತೋರಿಸಲೇ ಎಂದುಕೊಂಡೆ. ಅದನ್ನೂ ಈಗ ಬರೆದದ್ದು ಎಂದಾಳು.

೨೦ ಅಕ್ಟೋಬರ್

ಅಮ್ಮ ರಾತ್ರಿ ಊಟಕ್ಕೆ ಕೂತಾಗ, "ಪಾಪದ ಕೂಸು, ಅದರ ಕಾಲ್ನ ನಾನೇ ಮೆರಸ್ದೆ" ಎಂದು ಅತ್ತಳು. ಶಿಲ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

೨೨ ಅಕ್ಟೋಬರ್, ಶನಿವಾರ, ಸಂಜೆ ಏಳು

ಟ್ಯೂಷನ್ ಮುಗಿಸಿ ಶಿಲ್ಪ ಬಂದಳು. ಕೈಯಲ್ಲಿ ಎಳನೀರು, ಮುಖ ಬಿಳಿಚಿತ್ತು. ಆವತ್ತಿನಿಂದ ರೈಲ್ವೆ ಗೇಟಿನ ಕಡೆಯ ದಾರಿ ಬಿಟ್ಟು ಸುತ್ತಿ ಬರುತ್ತಿದ್ದವಳು, ಇವತ್ತು ಆ ಸುತ್ತುದಾರಿಯಲ್ಲಿ ರಸ್ತೆ ಅಗೆದಿದ್ದಾರೆಂದು ಗೇಟಿನ ಕಡೆಯಿಂದಲೇ ಬಂದಿದ್ದಾಳೆ.

"ವೆಂಕಟಲಕ್ಷ್ಮಮ್ಮ ಸಿಕ್ಕಿದ್ರು" ಎಂದಳು.

"ಹೂಂ."

"ಅಪ್ಪನ ಉಷ್ಣ ಕಮ್ಮಿ ಆಯ್ತಾ ಪುಟ್ಟಾ ಅಂತ ಕೇಳಿದ್ರು."

ನಾನು ಮಾತಾಡಿದರೆ ಸುಳ್ಳಾಗುತ್ತದೆ ಎಂಬ ಹೆದರಿಕೆ.

"ಯಾವ ಉಷ್ಣ ಅಂದೆ. ಆವತ್ತು ಬಂದಿದ್ದೆಯಲ್ಲಾ, ಅಪ್ಪಂಗೆ ಉಚ್ಚೆ ಕಟ್ಟಿದೆ ಅಂದೆ, ನಾಳೆ ಅಪ್ಪನ್ನ ಒದೀಬೇಕಂತೆ ನಂಗಿಷ್ಟ ಇಲ್ಲ ಅಂತ ಅತ್ತೆಯಲ್ಲಾ, ಮರ್ತ್ಹೋಯ್ತಾ ಅಂದ್ರು." ಎಳನೀರನ್ನು ನೆಲದ ಮೇಲಿಟ್ಟಳು. ಅದು ಉರುಳಿ ಮಂಚದ ಕೆಳಗೆ ಹೋಯಿತು. "ನಾಳೆ ಅಂದೆ ನಾನು. ನಾಳೆ ಒದೀಬೇಕು ಅಂತ. ಅಪ್ಪಾ, ಉಚ್ಚೆ ಕಟ್ಟಿದ್ದು ಮುಂಚೆ."

"ಮುಂಚೇನೇ ಕಣಮ್ಮ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಸಿಡಿದಳು. ಬ್ಯಾಗ್ ಎಸೆದಳು. "ಹಾಗಿದ್ರೆ ಆಸ್ಪತ್ರೆಲಿ ಯಾಕ್ ಹೇಳ್ಲಿಲ್ಲ? ಎಲ್ರೂ ಇದ್ರಿ. ನಾನ್ ಕೈ ಎತ್ತಿದಾಗ ಒಬ್ರಾದ್ರೂ ಇಳ್ಸು ಅಂದ್ರಾ? ಮೂರ್ ತಿಂಗ್ಳು ನನ್ನ ಕಾಲನ್ನ ನಾನೇ ನೋಡ್ಕೊಂಡಿಲ್ಲ ಅಪ್ಪಾ. ಕತ್ರಿಸ್ಕೊಂಡ್ಬಿಡ್ಲಾ ಅನ್ನಿಸ್ತಿತ್ತು."

ಅಡುಗೆಮನೆಯ ಬಾಗಿಲಲ್ಲಿ ಧನಲಕ್ಷ್ಮಿ, ಅವಳ ಹಿಂದೆ ಅಮ್ಮ. ನನ್ನ ಮನೆಯಲ್ಲಿ, ನನ್ನ ಪಕ್ಕದ ಕೋಣೆಯಲ್ಲಿ ಮಗು ಇದನ್ನು ಯೋಚಿಸುತ್ತಾ ಮಲಗಿತ್ತು. ನಾನು ಬಳೆ ಸದ್ದು ಕೇಳಿ ಬೆರಳು ಹೇಳುತ್ತಿದ್ದೆ.

"ತಪ್ಪಾಯ್ತು" ಎಂದೆ.

ಬಹಳ ಹೊತ್ತು ಅತ್ತಳು. ಅಮ್ಮ ಹೋಗಿ ಪಕ್ಕದಲ್ಲಿ ಕೂತು ಅವಳ ಕಾಲು ತೊಡೆಯ ಮೇಲೆ ಎಳೆದುಕೊಂಡಳು. "ಇನ್ಮೇಲೆ ಯಾವನಾದ್ರೂ ಗೇಟ್‌ಗೆ ಬಂದ್ರೆ ನಾನೇ ಒದೀತೀನಿ" ಎಂದಳು. ಶಿಲ್ಪನಿಗೆ ಅಳುವಿನ ನಡುವೆ ನಗು ಬಂತು. ಸಾಕ್ಸ್ ಬಿಚ್ಚಿದಳು, ಎರಡೂ. ಪಾದಗಳು ಬಿಸಿಲು ಕಾಣದೆ ಬಿಳಿಚಿಕೊಂಡಿವೆ.

ಏಳೂ ಮುಕ್ಕಾಲು

"ಮಲ್ಕೋ" ಎಂದಳು.

ಬೋರಲು ಮಲಗಿದ್ದೇನೆ, ಮೊಣಕೈ ಊರಿ, ಡೈರಿ ಮುಂದಿದೆ. ಗೋಡೆ ಹಿಡಿದುಕೊಂಡು ತುಳಿಯುತ್ತಿದ್ದಾಳೆ. ಭಾರ ಹಾಕುತ್ತಿಲ್ಲ, ಹೆದರಿಕೆ ಇನ್ನೂ ಇದೆ. ಬಲಗಾಲಿನ ಮೇಲೆ ಅವಳ ಹೆಜ್ಜೆ. ಎಷ್ಟು ದಿನವಾಗಿತ್ತು.

"ಎಡಗಾಲಿಗೆ ಬರ್ತೀನಿ. ಸುಳ್ಳು ಹೇಳಿದ್ರೆ ನೋಡು."

"ಹೇಳಲ್ಲ."

"ಗೊತ್ತಾಗ್ತಿದ್ಯಾ?"

"ಇಲ್ಲ."

ಇಲ್ಲ ಎನ್ನಲು ಎಷ್ಟು ಕಷ್ಟವಾಯಿತು. ಅವಳು ನಿಲ್ಲಿಸಲಿಲ್ಲ. ಕೆಳಗೆ ಸರಿದಳು.

"ಈಗ?"

"ಇಲ್ಲ ಕಣಮ್ಮ."

"ಪರ್ವಾಗಿಲ್ಲ ಬಿಡು. ಈಗ?"

ಹಿಮ್ಮಡಿಯ ಮೇಲೆ ಇರಬೇಕು. ಇಲ್ಲ ಎನ್ನಲು ಬಾಯಿ ತೆಗೆದೆ. ತೆಗೆದವನು ಸುಮ್ಮನಾದೆ. ಒಳಬದಿಯಲ್ಲಿ ಏನೋ ಬೆಚ್ಚಗಿದೆ. ಸ್ವಲ್ಪವೇ. ಬಳೆ ಸದ್ದಿಲ್ಲ, ಅಂದಾಜಲ್ಲ. ಪಾದದ ಬಿಸಿ. ಅಕ್ಷರ ಸರಿಯಾಗಿ ಬರುತ್ತಿಲ್ಲ.

"ಯಾಕಪ್ಪಾ ಸುಮ್ನಾದೆ?"

ಹೇಳಿದರೆ ನಂಬುತ್ತಾಳೋ ಇಲ್ಲವೋ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ನೋಡಿ ಆಮೇಲೆ ಹೇಳುತ್ತೇನೆ.